ಕುಲುಕಿದ ರೇಷ್ಮೆ ರಸ

ಮುನಿಶಾಮಮ್ಮ ವಕ್ಕಲೇರಿಗೆ ಸೊಸೆಯಾಗಿ ಬಂದಂದಿನಿಂದ ಅವಳಿಗೆ ಎರಡೇ ಕೆಲಸ. ರೇಷ್ಮೆ ಹುಳಕ್ಕೆ ಸೊಪ್ಪು, ಡೈರಿಗೆ ಹಾಲು. ಗಂಡ ಅಶ್ವತ್ಥಪ್ಪ ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಹುಣ್ಣು ಮಾಯದೆ ಸತ್ತ. ಮನೆಯವನು ಸತ್ತನೆಂದು ಹುಳ ಹಸಿವು ಬಿಡುವುದಿಲ್ಲ. ತಿಥಿಯ ಬೆಳಿಗ್ಗೆಯೂ ಸೊಪ್ಪು ಹಾಕಿ ಬಂದೇ ಅತ್ತಳು.

ಈಗ ಮೈದುನನ ಮಗಳು ಧನಶ್ರೀ ಬಂದು ಕೂತಿದ್ದಾಳೆ. ಬೆಂಗಳೂರಿನಲ್ಲಿ ಏನೋ ದೊಡ್ಡ ಓದು. ಗೂಡು ಕಟ್ಟಲು ಹಣ್ಣಾದ ಹುಳಗಳನ್ನೇ ಆರಿಸಿ ಕುಯ್ಯುತ್ತಾಳೆ, ಹೊಟ್ಟೆಯೊಳಗಿನ ರೇಷ್ಮೆ ರಸವನ್ನು ತಣ್ಣೀರಿಗೆ ಬಿಡುತ್ತಾಳೆ.

"ಗೂಡು ಕಟ್ಟೋಕೆ ಚಂದ್ರಿಕೆ ತಟ್ಟಿಗೆ ಬಿಡೋ ಹುಳ ಕಣೇ ಅವು! ನಿನ್ನ ಕೈಗೇನು ಬಂದೈತೆ?"

"ಇದ್ರಿಂದ ಹುಣ್ಣಿಗೆ ಮದ್ದು ಮಾಡ್ತೀವಿ ದೊಡ್ಡಮ್ಮ. ಗಾಯದೊಳಗೆ ಸುರಿದ್ರೆ ಮೈಬಿಸಿಗೆ ತಾನೇ ಗಟ್ಟಿಯಾಗ್ಬೇಕು. ಕಣ್ಣಿಗೆ ಕಾಣದ ಎಳೆಗಳು ತಾವೇ ಹೆಣ್ಕೊಳ್ತವೆ."

"ನಿಮ್ಮ ದೊಡ್ಡಪ್ಪನ ಕಾಲು ಕೊಳೀತಿದ್ದಾಗ ಎಲ್ಲೋಗಿದ್ರಿ ನೀವೆಲ್ಲ?" ಮುನಿಶಾಮಮ್ಮ ಎದ್ದು ಹೋದಳು.

ಮರುದಿನ ರಸ ನೀರಾಗಿಯೇ ಬೆಂಗಳೂರು ಮುಟ್ಟಬೇಕಿತ್ತು. ಇಲ್ಲದಿದ್ದರೆ ಬಂದ ಕೆಲಸವೆಲ್ಲ ಮಣ್ಣು. ಧನಶ್ರೀ ಬೆಳಗಿನ ಬಸ್ಸಿಗೆಂದು ಜಡೆ ಹಾಕಿಕೊಳ್ಳುವಾಗ ಮುನಿಶಾಮಮ್ಮ, ತಣ್ಣಗಿರಲೆಂದು ನೀರಿನ ಮಡಕೆಯಲ್ಲಿಟ್ಟಿದ್ದ ರಸದ ಬಾಟಲಿ ತೆಗೆದಳು. ಡೈರಿಯಲ್ಲಿ ಹಾಲು ಸುರಿಯುವ ಮುಂಚೆ ಕೆನೆ ಬೆರೆಯಲೆಂದು ಕ್ಯಾನು ಕುಲುಕುವುದು ರೂಢಿ. ಹಾಗೆಯೇ ಇದನ್ನೂ ಗಟ್ಟಿಯಾಗಿ ಕುಲುಕಿ ಕೈಗೆ ಕೊಟ್ಟಳು.

"ಅಯ್ಯೋ, ಕುಲುಕ್‌ಬಿಟ್ಯಾ!"

"ಮತ್ತೆ? ಮೇಲೆ ನೀರು, ತಳದಲ್ಲಿ ರಸ ನಿಂತಿದ್ರೆ ನಿಮ್ಮ ಮೇಷ್ಟ್ರು ಒಪ್ತಾರಾ?"

"ಹುಳ ಕತ್ತಾಡಿಸಿ ಎಳೆದ್ರೇನೇ ಅದು ದಾರ ಆಗೋದು. ಕುಲುಕಿದ್ರೂ ಅಷ್ಟೇ, ಕಟ್ಕೊಂಡ್‌ಬಿಡುತ್ತೆ!"

"ಸಾಕು ಸಾಕು! ಮೊದ್ಲೇ ಬಾಯಿ ಬಿಡೋಕಾಗಲ್ವಾ? ಓದಿದೋರು ಎಲ್ಲಾ ಕೆಟ್ಟ ಮೇಲೇ ಹೇಳ್ತೀರ."

ನೋಡುತ್ತಿದ್ದಂತೆ ರಸ ಬೆಳ್ಳಗಾಯಿತು. ಧನಶ್ರೀ ಬಾಟಲಿ ತಲೆಕೆಳಗು ಮಾಡಿದಳು. ಬೀಳಲಿಲ್ಲ. ಹುಡುಗಿಯ ಕಣ್ಣು ತುಂಬಿತು. ಮುನಿಶಾಮಮ್ಮ ಬೆರಳಿಟ್ಟು ನೋಡಿದಳು. ಗಿಣ್ಣಿನ ಹಾಗೆ ಮೆತ್ತಗೆ, ತಂಪಾಗಿತ್ತು.

"ಇದನ್ನ ಅವರ ಹುಣ್ಣಿಗೆ ತುಂಬಿದ್ರೆ ಮಾಯ್ತಿತ್ತಾ?"

"ಗೊತ್ತಿಲ್ಲ ದೊಡ್ಡಮ್ಮ. ಇನ್ನೂ ಇಲಿಗಳಿಗೇ ಹಾಕಿ ನೋಡ್ತಿದ್ದೀವಿ."

"ಇಲಿಗೆ! ನನ್ನ ಹುಳ ಕುಯ್ದು ಇಲಿಗೆ ಮದ್ದು!"

ಬೆರಳನ್ನು ಸೆರಗಿಗೆ ಒರೆಸಿಕೊಂಡು ಹುಳದ ಕೋಣೆಗೆ ಹೋದಳು. ಹಣ್ಣಾದ ಹುಳಗಳು ತಲೆಯೆತ್ತಿ ಅತ್ತಿತ್ತ ತಡಕಾಡುತ್ತಿದ್ದವು. ಒಂದು ತಟ್ಟೆಯನ್ನು ಪೂರ್ತಿ ಎತ್ತಿ ತಂದು ಧನಶ್ರೀಯ ಮುಂದೆ ಕುಕ್ಕಿದಳು.

"ಅಳ್ಬೇಡ, ಕುಯ್ಯಿ. ಬೇಗ ಬೇಗ. ಈ ಬಸ್ಸು ಹೋದ್ರೂ ಮಧ್ಯಾಹ್ನದ್ದೈತೆ."