ಸೊನ್ನೆಯ ಅಡ್ಡಪಟ್ಟಿ

ತಗಡಣ್ಣನ ಮನೆಯಲ್ಲಿ ಒಂದೇ ಒಂದು ತಗಡಿನ ಡಬ್ಬಿಯಿಲ್ಲ. ನೀರಿನ ಡ್ರಮ್ಮು, ಬಕೆಟ್ಟು, ಸಕ್ಕರೆ ಡಬ್ಬಿ ಎಲ್ಲ ಪ್ಲಾಸ್ಟಿಕ್ಕು. ಜೀವಮಾನವಿಡೀ ತಗಡು ಕೊರೆದು ಹೊಟ್ಟೆ ಹೊರೆದ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಟೊಳ್ಳು ತಗಡು ಕಂಡರೆ ಅದರೊಳಗಿಂದ ಸತ್ತ ಅಣ್ಣ ತಟ್ಟುವುದು ಕೇಳಿಸುತ್ತದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಅಣ್ಣತಮ್ಮಂದಿರದು ಸ್ಟೆನ್ಸಿಲ್ ಕೆಲಸವಾಗಿತ್ತು. ಕಾರ್ಖಾನೆಯ ಗೋಡೆ, ಟ್ಯಾಂಕು, ಕ್ರೇನುಗಳ ಮೇಲೆ ದೂರದಿಂದಲೇ ಗದರಿಸುವಂತೆ ಕಾಣುತ್ತವಲ್ಲ, ಆ ದಪ್ಪ ಅಕ್ಷರಗಳು. ಅಣ್ಣ ಕಾಗದದ ಮೇಲೆ ಬರೆಯುವುದು, ತಮ್ಮನಾದ ತಗಡಣ್ಣ ಉಳಿ ಹಿಡಿದು ತಗಡಿನಲ್ಲಿ ಕೊರೆಯುವುದು. ಕೊರೆದ ತಗಡನ್ನು ಗೋಡೆಗೊತ್ತಿ ಬಣ್ಣ ಬಳಿದರೆ ಮುಗಿಯಿತು. ಆದರೆ ಸೊನ್ನೆಯನ್ನು ಸುತ್ತಲೂ ಕೊರೆದುಬಿಟ್ಟರೆ ನಡುವಿನ ತುಂಡು ಕಳಚಿ ಬೀಳುತ್ತದೆ, ಬರೀ ತೂತು ಉಳಿಯುತ್ತದೆ. ಒಳಗಿನ ತುಂಡನ್ನು ಹೊರಗಿನ ತಗಡಿಗೆ ಹಿಡಿದಿಡಲು ಅಡ್ಡಪಟ್ಟಿ ಬಿಡಬೇಕು. ಆ ಪಟ್ಟಿ ಎಷ್ಟು ದಪ್ಪವಿರಬೇಕು ಎನ್ನುವುದೇ ಇಬ್ಬರ ನಿತ್ಯದ ಜಗಳ.

“ಇನ್ನೂ ಸಣ್ಣ ಮಾಡೋ. ಅಕ್ಷರ ನೋಡೋಕೆ ಚೆನ್ನಾಗಿರ್ಬೇಕು,” ಎನ್ನುತ್ತಿದ್ದ ಅಣ್ಣ.

“ಮುರಿದ್ರೆ?”

“ಮುರಿದ್ರೆ ನೀನಿದ್ದೀಯಲ್ಲ.”

ಅಣ್ಣ ಹೋದಾಗ ತಾಯಿಯಿಲ್ಲದ ಅವನ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ತಗಡಣ್ಣ ಆ ಮಗುವನ್ನು ಎದೆಗವಚಿಕೊಂಡು ಬೆಳೆಸಿದ. ‘ನಿಮ್ಮಪ್ಪ ಟ್ಯಾಂಕಿನಲ್ಲಿ ಅಪಘಾತವಾಗಿ ಹೋದ’ ಎಂಬುದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ತನ್ನನ್ನು ಚಿಕ್ಕಪ್ಪ ಎಂದು ಮತ್ತೆ ಕರೆಯುವುದಿಲ್ಲವೇನೋ ಎಂಬ ಭಯ. ಅವನಿಗೆ ಇದ್ದವಳು ಅವಳೊಬ್ಬಳೇ.

ಅವಳೂ ಅಕ್ಷರದ ಕೆಲಸಕ್ಕೇ ಬಿದ್ದಳು, ಆದರೆ ಕಂಪ್ಯೂಟರಿನಲ್ಲಿ. ಟ್ಯಾಂಕು ಮಾಡುವ ಕಂಪನಿಯೊಂದು ತನ್ನ ಸ್ಟೆನ್ಸಿಲ್‌ಗಳಿಗೆಲ್ಲ ಒಂದೇ ಬಗೆಯ ಅಕ್ಷರ ಬೇಕೆಂದಾಗ ಅಪ್ಪನ ಹಳೆಯ ತಗಡುಗಳನ್ನು ನೋಡಿಯೇ ಮಾಡುತ್ತೇನೆಂದು ವರ್ಕ್‌ಶಾಪಿನ ಮುಂದಿನ ಕೋಣೆಯಲ್ಲಿ ಠಿಕಾಣಿ ಹೂಡಿದಳು. ಪ್ರಿಂಟರ್ ಇಡಲು ಮೇಜಿನಲ್ಲಿ ಜಾಗ ಸಾಲದೆ ಹಿತ್ತಲಿನಿಂದ ಖಾಲಿ ಬಣ್ಣದ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದಳು. ತಗಡಿನ ಡ್ರಮ್ಮು. ತಗಡಣ್ಣನಿಗೆ ಬೇಡವೆನ್ನಲು ನಾಲಗೆ ಏಳಲಿಲ್ಲ.

ಅವತ್ತು ಮಧ್ಯಾಹ್ನ ಅವಳು ಎರಡು ಸೊನ್ನೆಗಳ ತಗಡು ಹಿಡಿದುಕೊಂಡು ಒಳಗೆ ಬಂದಳು. “ಚಿಕ್ಕಪ್ಪ, ಬೇಜಾರ್ ಮಾಡ್ಕೋಬೇಡಿ. ಅಪ್ಪ ಇದ್ದಾಗಿಂದು ನೋಡಿ, ಎಷ್ಟು ನಾಜೂಕು! ಆಮೇಲೆ ನೀವೇ ಮಾಡಿದ್ದು ನೋಡಿ. ಇದು ಪಟ್ಟಿನಾ, ತೊಲೆನಾ?”

ತಗಡಣ್ಣ ನಕ್ಕ. ತನ್ನ ಕೈ ಒರಟೆಂದು ಅಂದುಕೊಂಡರೆ ಅಂದುಕೊಳ್ಳಲಿ, ಅಪ್ಪ ನಾಜೂಕಾಗಿಯೇ ಇರಲಿ. “ಸಣ್ಣದೇ ಇಟ್ಕೋಮ್ಮ. ಕಂಪ್ಯೂಟರಲ್ಲಿ ಏನು ಕಳಚಿ ಬೀಳುತ್ತೆ?”

“ಕಂಪ್ಯೂಟರಲ್ಲಲ್ಲ, ಇದನ್ನ ತಗಡಲ್ಲೇ ಕೊರೀತಾರೆ. ಟ್ಯಾಂಕ್ ಒಳಗೆ ಎಣ್ಣೆ ಎಲ್ಲೀವರೆಗಿದೆ ಅಂತ ತೋರಿಸೋ ಅಂಕಿಗಳು.”

ತಗಡಣ್ಣ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

“ಕೂತ್ಕೋ,” ಎಂದ. “ನಿಮ್ಮಪ್ಪ ಅದೇ ಅಂಕಿ ಹೊಡೆಯೋಕೆ ಟ್ಯಾಂಕಿಗೆ ಇಳಿದಿದ್ದ. ಒಳಗೆ ಬಣ್ಣದ ಘಾಟು, ಗಾಳಿ ಇಲ್ಲ. ನಾನು ಮೇಲೆ ಬಾಯಿ ಹತ್ರ ಹಗ್ಗ ಹಿಡ್ಕೊಂಡಿರ್ಬೇಕು. ಅವನು ಆಗಾಗ ಬ್ರಷ್ ಹಿಡಿಯಿಂದ ಎರಡು ಸಲ ತಟ್ತಿದ್ದ. ಚೆನ್ನಾಗಿದ್ದೀನಿ ಅಂತ. ನಾನೂ ಎರಡು ಸಲ ತಟ್ಟಬೇಕು. ಇಲ್ಲೇ ಇದ್ದೀನಿ ಅಂತ. ಸೊನ್ನೆ ಪಟ್ಟಿ ಮುರೀತು. ಬೆಸೆದುಕೊಂಡು ಬಾ ಅಂತ ತಗಡು ಮೇಲಕ್ಕೆ ಕೊಟ್ಟ. ನೀನೂ ಹತ್ತಿ ಬಾ ಅಂದೆ. ಹತ್ತೋದು ಇಳಿಯೋದು ಯಾರಿಗೆ ಬೇಕು, ಅಷ್ಟರಲ್ಲಿ ಇನ್ನೊಂದು ಅಂಕಿ ಹೊಡೀತೀನಿ ಅಂದ. ನಾನು ವಾಪಸ್ ಬಂದು ತಟ್ಟಿದೆ. ಮತ್ತೆ ತಟ್ಟಿದೆ…”

ಅವಳು ಕೈಯಲ್ಲಿದ್ದ ತಗಡಿನ ಸಣ್ಣ ಪಟ್ಟಿಯ ಮೇಲೆ ಬೆರಳಾಡಿಸಿದಳು.

“ಹಗ್ಗ?”

“ಕಂಬಿಗೆ ಕಟ್ಟಿ ಹೋಗಿದ್ದೆ.”

ಅವಳು ಎದ್ದು ಮುಂದಿನ ಕೋಣೆಗೆ ಹೋದಳು. ಚಿಕ್ಕಪ್ಪ ಎನ್ನಲಿಲ್ಲ. ಇನ್ನೇನು, ಚೀಲ ಎತ್ತಿಕೊಂಡು ಬಾಗಿಲು ದಾಟುತ್ತಾಳೆ ಎಂದು ತಗಡಣ್ಣ ಕಿವಿಗೊಟ್ಟು ಕುಳಿತ.

ಆಗ ಡ್ರಮ್ಮಿನ ಸದ್ದು ಕೇಳಿಸಿತು. ಟಣ್, ಟಣ್.

ಇಷ್ಟು ವರ್ಷ ಆ ಸದ್ದಿಗೆ ಅವನು ಉತ್ತರ ಕೊಟ್ಟಿರಲಿಲ್ಲ. ಇಲ್ಲೇ ಇದ್ದೀನಿ ಎಂದು ಯಾವ ಮುಖ ಇಟ್ಟುಕೊಂಡು ತಟ್ಟುವುದು? ಇವತ್ತು ತಟ್ಟಿದವಳು ಮಗಳು. ಸಿಟ್ಟಿಲ್ಲ ಎನ್ನುತ್ತಿದ್ದಾಳೆ. ಅವನ ಕಣ್ಣು ತುಂಬಿ ಬಂತು. ಸುತ್ತಿಗೆ ತೆಗೆದುಕೊಂಡು ಮುಂದಿದ್ದ ತಗಡಿಗೆ ಎರಡು ಸಲ ತಟ್ಟಿದ.

ಅವಳು ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಆಗತಾನೆ ಪ್ರಿಂಟ್ ತೆಗೆದ ಹಾಳೆ. ಅದರ ತುಂಬ ಒಂದೇ ಸೊನ್ನೆ, ಅದಕ್ಕೆ ತೊಲೆಯಂಥ ಎರಡು ಅಡ್ಡಪಟ್ಟಿ.

“ಇಷ್ಟು ದಪ್ಪ ಸಾಕಾ, ಚಿಕ್ಕಪ್ಪ?” ಎಂದಳು. “ಯಾಕೆ ತಟ್ಟಿದ್ರಿ? ಏನಾದ್ರೂ ಬೇಕಿತ್ತಾ?”

“ನೀನು ತಟ್ಟಿದೆ ಅಂತ…”

“ನಾನಾ? ನಾನು ತಟ್ಟಲೇ ಇಲ್ವಲ್ಲ.”

ತಗಡಣ್ಣ ಅವಳ ಹೆಗಲಾಚೆ ಆ ಡ್ರಮ್ಮನ್ನು ನೋಡಿದ. ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು.

“ಸಾಕಮ್ಮ,” ಎಂದ. ಅವಳ ಎದುರಿಗೇ ಇನ್ನೆರಡು ಸಲ ತಟ್ಟಿದ.