ಹುಣ್ಣಿಮೆಯ ನಳ್ಳಿ

ಅರಬ್ಬಿ ಸಮುದ್ರದ ನಳ್ಳಿಗಳೆಲ್ಲ ತನ್ನ ಮಾತು ಕೇಳುತ್ತವೆ ಎಂದು ಮೀನು ಮಾರುವ ಮೂಗಯ್ಯ ಗುಂಡ್ಲುಪೇಟೆಯ ಸಂತೆಯಲ್ಲಿ ನಿಂತು ಸಾರುತ್ತಿದ್ದ. ಸಮುದ್ರವನ್ನು ಆತ ಕಂಡದ್ದು ಕಟಿಂಗ್ ಶಾಪಿನ ಕ್ಯಾಲೆಂಡರಿನಲ್ಲಿ ಮಾತ್ರ. ಆದರೂ ಕೇರಳದಿಂದ ಘಾಟಿ ಹತ್ತಿ ಬಂದ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಅವನೊಮ್ಮೆ ಕೆಮ್ಮಿದರೆ ಸಾಕು, ಸತ್ತ ನಳ್ಳಿಯೂ ಎದ್ದು ಕೂತು ಗಿರಾಕಿಗೆ ಕೈಮುಗಿಯುತ್ತಿತ್ತಂತೆ. ಅವನ ಮಾತು ಕೇಳದಿದ್ದವಳು ಮಗಳು ಭವ್ಯ ಒಬ್ಬಳೇ. ಸೈಕಲ್ ಮುಟ್ಟಬೇಡ ಎಂದರೆ ಮೊಪೆಡ್ ಕಲಿತವಳು.

ಎರಡು ಸಾವಿರದ ಆರರಲ್ಲಿ ಹರದನಹಳ್ಳಿಯ ಹುಡುಗನೊಂದಿಗೆ ಅವಳ ಮದುವೆಯಾಯಿತು. ಹುಡುಗನ ಅಜ್ಜಿ ಸೋಮಮ್ಮ ಶಕುನ ನೋಡದೆ ಹಲ್ಲೂ ಉಜ್ಜದ ಹೆಂಗಸು. ಹಿರಿಯ ಮೊಮ್ಮಗನ ಹೆಂಡತಿಯನ್ನು, ಹೊಸಿಲಲ್ಲಿ ಒಡೆದ ತೆಂಗಿನಕಾಯಿ ಕೊಳೆತಿತ್ತೆಂದು, ಒಂದು ವರ್ಷ ತವರಲ್ಲೇ ಕೂರಿಸಿದ್ದಳು.

"ಚಂದ್ರ ತುಂಬಿದ ದಿನವೇ ಎಣ್ಣ ಮನೆ ತುಂಬಿಸ್ಕಬೇಕು" ಎಂದು ಬೀಗರೂಟವನ್ನು ಹುಣ್ಣಿಮೆಗೇ ಗೊತ್ತು ಮಾಡಿದವಳೂ ಅವಳೇ. ಉಂಡು, ಅಂದೇ ಭವ್ಯಳನ್ನು ಕರೆದೊಯ್ಯುವುದೆಂದು ಮಾತಾಯಿತು.

ಮೂಗಯ್ಯ ಸುಮ್ಮನಿರಬಹುದಿತ್ತು. "ಆಡು, ಕೋಳಿ ಎಲ್ರೂ ಆಕ್ತಾರೆ. ನಾನು ಸಮುದ್ರದ ನಳ್ಳಿ ಸಾರು ಆಕುಸ್ತೀನಿ" ಎಂದುಬಿಟ್ಟ.

ಐಸ್ ಗಾಡಿಯ ಮಲಯಾಳಿ ಡ್ರೈವರು ಮುಖ ಸಪ್ಪಗೆ ಮಾಡಿಕೊಂಡ. "ಹುಣ್ಣಿಮೆಗೆ ನಳ್ಳಿ ಬೇಡ ಚೇಟಾ. ಬೆಳದಿಂಗಳಿಗೆ ಹೆದರಿ ಕೆಸರಲ್ಲಿ ಕೂರ್ತದೆ, ತಿನ್ನಲ್ಲ. ಕೆಲವು ಚಿಪ್ಪು ಕಳಚ್ತದೆ, ಹೆಣ್ಣು ಮೊಟ್ಟೆ ಬಿಡ್ಲಿಕ್ಕೆ ಆಳಕ್ಕೆ ಹೋಗ್ತದೆ. ಸಿಕ್ಕಿದ್ದರಲ್ಲಿ ಬರೀ ನೀರು. ಅಮಾವಾಸ್ಯೆಗೆ ತಗೋ."

"ಅಮಾಸೆ ಮಾದಪ್ಪನ ದಿನ. ನಮ್ ಕಡೆ ಯಾರ್ಲಾ ತಿಂದಾರು? ನೀನು ತಕ್ಕಬಾ, ತುಂಬ್ಸೋದು ನನ್ ಕೆಲ್ಸ."

ಹುಣ್ಣಿಮೆಯ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದು ಕೈ ಹಾಕಿದ. ಒಂದೊಂದು ನಳ್ಳಿಯೂ ಮೊರದಷ್ಟಗಲ, ತೂಕ ಮಾತ್ರ ಒಣಗಿದ ಎಲೆಯದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಕುಲುಕಾಡಿತು. ಬೇರೆ ಏನಾದರೂ ತರೋಣವೆಂದರೆ, ಬೀಗರ ಟೆಂಪೋ ಆಗಲೇ ತೆರಕಣಾಂಬಿ ದಾಟಿತ್ತು. ಸಾರಿಗೆ ಖಾರ ಸುರಿಸಿದ, ಮತ್ತೆ ಸುರಿಸಿದ. ಆ ಖಾರದ ಘಾಟಿಗೆ ಬಂಡೀಪುರದ ಆನೆಗಳು ಸಾಲಾಗಿ ನಿಂತು ಸೀನಿದವಂತೆ. ನಳ್ಳಿ ಮಾತ್ರ ತುಂಬಲಿಲ್ಲ.

ಚಪ್ಪರದಡಿ ಎಲೆ ಹಾಕಿದರು. ಸೋಮಮ್ಮ ಒಂದು ಚಿಪ್ಪು ಮುರಿದಳು. ಎಲೆಯ ಮೇಲೆ ನೀರು ತೊಟ್ಟಿಕ್ಕಿತು. ಇನ್ನೊಂದು ಮುರಿದಳು. ಅದೂ ಪೊಳ್ಳು. ಪಂಕ್ತಿಯುದ್ದಕ್ಕೂ ಚಿಪ್ಪು ಮುರಿಯುವ ಸದ್ದು ಎದ್ದಿತು, ಆಮೇಲೆ ಅದೂ ಅಡಗಿತು. ಒಳಬಾಗಿಲಲ್ಲಿ ಭವ್ಯ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಅಜ್ಜಿ ಎಲೆ ಮಡಿಸಿದಳು. ಟೆಂಪೋ ಡ್ರೈವರು, ಯಾರೂ ಹೇಳದಿದ್ದರೂ, ಜೇಬಿನಲ್ಲಿ ಕೀ ಹುಡುಕತೊಡಗಿದ.

"ಒಳ್ಗೆ ಏನೂ ಇಲ್ವಲ್ಲ ಬೀಗ್ರೆ" ಎಂದಳು ಸೋಮಮ್ಮ, ಭವ್ಯಳ ಕಡೆ ನೋಡುತ್ತಲೇ. "ಎಣ್ಣೂ ಇಂಗೇನಾ?"

ಅಷ್ಟು ವರ್ಷದ ಬಡಾಯಿಯನ್ನೆಲ್ಲ ಮೂಗಯ್ಯ ಮೀನಿನ ಮುಳ್ಳಿನಂತೆ ನುಂಗಿಕೊಂಡ.

"ಇಲ್ಲ ಕಣವ್ವ. ನಳ್ಳಿ ನನ್ ಮಾತು ಕೇಳಕಿಲ್ಲ, ಚಂದ್ರನ ಮಾತು ಕೇಳ್ತದೆ. ನನ್ ಮಗ್ಳು ಇಬ್ರ ಮಾತೂ ಕೇಳಕಿಲ್ಲ."