ಬೈಂಡಿಂಗ್ ಚಾಚಾನ ಓದು

ಪಿಎಚ್.ಡಿ. ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಗೈಡ್ ಒಬ್ಬರೇ ಎಂದು ನಮ್ಮ ಇತಿಹಾಸ ವಿಭಾಗದಲ್ಲಿ ಎಲ್ಲರೂ ನಂಬಿದ್ದರು. ನನ್ನ ಪ್ರಬಂಧವನ್ನು ಬೈಂಡ್ ಮಾಡಲು ಹಳೇ ಹುಬ್ಬಳ್ಳಿಯ ದಸ್ತಗೀರ್ ಚಾಚಾನ ಅಂಗಡಿಗೆ ಕೊಟ್ಟಿದ್ದೆ. ತರಲು ಹೋದಾಗ ಚಾಚಾ ರಟ್ಟಿಗೆ ಅಂಟು ಹಚ್ಚುತ್ತಲೇ ಗುಡಿಗಳ ಗೋಡೆಚಿತ್ರ, ಕೋಟೆಗಳ ಬಾವಿ, ಕುಸ್ತಿಯ ಪಟ್ಟು ಎಲ್ಲದರ ಬಗ್ಗೆಯೂ ಮಾತಾಡಿದರು. ಬೈಂಡಿಂಗಿಗೆ ಬಂದದ್ದನ್ನೆಲ್ಲ ಓದುತ್ತಾರಂತೆ. ಐದು ವರ್ಷ ಒಂದೇ ರಾಜವಂಶ ಬಿಟ್ಟು ಬೇರೇನನ್ನೂ ಓದದ ನನಗೆ ಹೊಟ್ಟೆ ಉರಿಯಿತು.

“ಆ ಕುಸ್ತಿ ಪ್ರಬಂಧ ಎರಡು ಸಲ ಓದೇನ್ರಿ. ಏನ್ ಛಲೋ ಬರದಾನ್ರೀ ಹುಡುಗ!”

ಆ ಹುಡುಗ ಹಾಸ್ಟೆಲಿನಲ್ಲಿ ನನ್ನ ರೂಮಿನವನೇ. ಉರಿ ಇನ್ನಷ್ಟು ಹೆಚ್ಚಿತು. ತಡೆಯಲಾರದೆ ಕೇಳಿದೆ: “ನಂದು ಹೆಂಗೈತಿ ಚಾಚಾ?”

ಚಾಚಾ ಬ್ರಷ್ ಕೆಳಗಿಟ್ಟರು. “ನಿಮ್ದೂ ಪೂರಾ ಓದೇನ್ರಿ ಸರ. ನಲವತ್ತನೇ ಪುಟದಾಗ ಸತ್ತ ರಾಜ ಅರವತ್ತನೇ ಪುಟದಾಗ ಯುದ್ಧಕ್ಕ ಹೊಂಟಾನಲ್ರೀ. ಅವನ್ನ ಯಾರೂ ತಡೀಲಿಲ್ಲೇನ್ರೀ?”

ಪ್ರಬಂಧ ತೆರೆದು ನೋಡಿದೆ. ಚಾಚಾ ಹೇಳಿದ್ದು ಖರೇ ಇತ್ತು. ಮೊದಲ ಹಾಳೆಯಲ್ಲಿ ‘ಕೂಲಂಕಷವಾಗಿ ಪರಿಶೀಲಿಸಿದ್ದೇನೆ’ ಎಂಬ ಸಾಲಿನ ಕೆಳಗೆ ಗೈಡ್ ಸಹಿ ಮಾಡಿದ್ದರು.

ಅವರು ಓದಿರಲಿಲ್ಲ.